ಪದಚರ್ಚೆ: ಹಳೆ ಗಾಡಿಗೆ ‘ಫೋಮ್ ಹೊಡೆಸೋದು’. ನೊರೆಯೋ, ಬೆಂಡೋ? ‘ಸೌಂಡ್ ಪ್ರೂಫ್’ಗೆ ಏನು ಬರೆಯೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರಿನಲ್ಲಿ ನಮ್ಮ ಭಾವನವರ ಗ್ಯಾರೇಜು ಇದೆ. ತೋಟದ ಹಳೆ ಜೀಪು, ಅಂಬಾಸಿಡರ್, ಜಿಪ್ಸಿ ಇಂಥವೇ ಅಲ್ಲಿಗೆ ಜಾಸ್ತಿ ಬರುತ್ತವೆ. ಈಚೆಗೆ ಬರುವವರಲ್ಲಿ ಹಲವರು ಒಂದೇ ಮಾತು ಕೇಳುತ್ತಾರೆ: “ಒಳಗೆಲ್ಲ ಫೋಮ್ ಹೊಡೆಸಿಬಿಟ್ಟರೆ ಸೌಂಡೂ ಹೋಗುತ್ತೆ, ಬಿಸಿನೂ ಹೋಗುತ್ತೆ ಅಲ್ವಾ?” ಅವರಿಗೆ ಕೊಡಲು, ಗ್ಯಾರೇಜಿನ ಹುಡುಗರೂ ಓದಲು ಒಂದು ಪುಟದ ಸೂಚನೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಕೈ ನಿಂತಿದೆ. ನಿಮ್ಮ ಸಲಹೆ ಬೇಕು.

‘ಹೊಡೆಸು’ ಎಂಬುದರ ಬಗ್ಗೆ ನನಗೆ ಅನುಮಾನವಿಲ್ಲ. ಪೇಂಟ್ ಹೊಡೆಸುತ್ತೇವೆ, ಗ್ರೀಸ್ ಹೊಡೆಸುತ್ತೇವೆ, ಟೈರಿಗೆ ಗಾಳಿ ಹೊಡೆಸುತ್ತೇವೆ. ಕಾಫಿ ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯುವುದೂ ಅದೇ ಮಾತು. ‘ಸಿಂಪಡಿಸು’ ಎಂದು ಬರೆದರೆ ಗ್ಯಾರೇಜಿನಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಆದರೆ ಇಲ್ಲಿ ಕೆಲಸ ಎರಡು ಬಗೆಯದು. ಎರಡು ದ್ರವ ಬೆರೆಸಿ ಗನ್ನಿನಿಂದ ತಗಡಿನ ಮೇಲೆ ಹೊಡೆಯುವ ಫೋಮ್ ಒಂದು. ಡಬ್ಬಿಗೆ ಕೊಳವೆ ಸಿಕ್ಕಿಸಿ ಸಂದಿಯೊಳಗೆ ಬಿಡುವ ಫೋಮ್ ಇನ್ನೊಂದು. ಎರಡೂ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ಕೇ, ಅಂಗಡಿಯವರ ಬಾಯಲ್ಲಿ ‘ಪಿಯು ಫೋಮ್’. ಮೊದಲನೆಯದನ್ನು ‘ಹೊಡೆಯೋ ಫೋಮ್’, ಎರಡನೆಯದನ್ನು ‘ತುಂಬೋ ಫೋಮ್’ ಅಂದರೆ ಗೊಂದಲ ಇರುವುದಿಲ್ಲ ಅಂತ ನನ್ನ ಅನಿಸಿಕೆ.

ಇನ್ನು ಫೋಮ್. ನಿಘಂಟು ನೋಡಿದರೆ ‘ನೊರೆ’, ‘ಬುರುಗು’ ಸಿಗುತ್ತವೆ. ಹಾಲಿನ ನೊರೆ, ಸೋಪಿನ ನೊರೆ, ಹೊಳೆಯ ನೊರೆ ಎಲ್ಲವೂ ಸ್ವಲ್ಪ ಹೊತ್ತಿಗೆ ಇಳಿದುಹೋಗುವಂಥವು. ಡಬ್ಬಿಯಿಂದ ಹೊರಗೆ ಬರುವಾಗ ಇದೂ ನೊರೆಯೇ. ಆಮೇಲೆ ಉಬ್ಬಿ, ಗಟ್ಟಿಯಾಗಿ, ಚಾಕುವಿನಲ್ಲಿ ಕೊಯ್ಯಬೇಕಾದ ವಸ್ತುವಾಗುತ್ತದೆ. ಅದಕ್ಕೆ ನನಗೆ ತೋಚುವ ಪದ ‘ಬೆಂಡು’. ಹಗುರ, ಒಳಗೆಲ್ಲ ಗಾಳಿ, ನೀರಿನಲ್ಲಿ ತೇಲುತ್ತದೆ. ಬೆಂಡೋಲೆಯಲ್ಲೂ ಜಾತ್ರೆಯ ಬೆಂಡು ಬತ್ತಾಸಿನಲ್ಲೂ ಇರುವುದು ಇದೇ ಬೆಂಡು. ಹೊಡೆಯುವಾಗ ನೊರೆ, ಗಟ್ಟಿಯಾದ ಮೇಲೆ ಬೆಂಡು ಎಂದು ಬರೆದರೆ ಒಪ್ಪುತ್ತೀರಾ?

ಆ ನೊರೆ ಬೆಂಡಾಗುವುದಕ್ಕೆ ಡಬ್ಬಿಯ ಮೇಲಿನ ಕನ್ನಡದಲ್ಲಿ ‘ಒಣಗಲು ಬಿಡಿ’ ಎಂದಿದೆ. ಇದು ತಪ್ಪು ಅರ್ಥ ಕೊಡುತ್ತದೆ. ತುಂಬೋ ಫೋಮ್ ಒಣಗುವುದಿಲ್ಲ. ಗಾಳಿಯ ತೇವವನ್ನೇ ತೆಗೆದುಕೊಂಡು ಗಟ್ಟಿಯಾಗುತ್ತದೆ. ಬೇಸಿಗೆಯ ಒಣ ಹವೆಯಲ್ಲಿ ಮೇಲೆ ಸ್ವಲ್ಪ ನೀರು ಚಿಮುಕಿಸಬೇಕಾಗುತ್ತದೆ. ‘ಒಣಗು’ ಅಂತ ಓದಿದ ಹುಡುಗರು ಬಿಸಿಲಿಗೆ ನಿಲ್ಲಿಸಿ ಕಾಯುತ್ತಾರೆ. ‘ಬಲಿಯಲು ಬಿಡಿ’ ಅಂದರೆ ಹೇಗೆ? ಕಾಯಿ ಬಲಿಯುತ್ತದೆ, ಬಿದಿರು ಬಲಿಯುತ್ತದೆ. ನನಗೆ ಈ ಪದ ಬಹಳ ಹಿಡಿಸಿದೆ. ಬಲಿಯುವ ಮುಂಚೆ ಅದರಲ್ಲಿರುವ ಐಸೋಸಯನೇಟ್ ಎಂಬ ರಾಸಾಯನಿಕ ಉಸಿರಿಗೆ ಕೆಟ್ಟದ್ದು, ಉಬ್ಬಸ ತರಿಸಬಲ್ಲದು. ಹಾಗಾಗಿ ಇಲ್ಲಿ ಮಾತು ಸ್ಪಷ್ಟವಾಗಿರಲೇಬೇಕು.

ನಿಜವಾದ ತೊಡಕು ‘ನಿರೋಧಕ’. ಉಷ್ಣ ನಿರೋಧಕ, ಶಬ್ದ ನಿರೋಧಕ, ಜಲ ನಿರೋಧಕ, ಅಗ್ನಿ ನಿರೋಧಕ ಎಲ್ಲಕ್ಕೂ ಒಂದೇ ಬಾಲ. ಓದಿದವರಿಗೆ ಕಾವು ತಡೆಯುವ ವಸ್ತು ಸದ್ದನ್ನೂ ಅಷ್ಟೇ ತಡೆಯುತ್ತದೆ ಅನ್ನಿಸುತ್ತದೆ. ಹಾಗಿಲ್ಲ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವ ಹಳೆ ಡೀಸೆಲ್ ಜೀಪಿನಲ್ಲಿ ಕೂತು ಕೇಳಿ. ಬಾಗಿಲಿನ ತಗಡು, ಮಡ್‌ಗಾರ್ಡು ದಡದಡ ಅನ್ನುತ್ತವೆ. ಅದು ತಗಡು ಅದುರುವ ಸದ್ದು. ತಗಡಿನ ಚಾವಣಿಯ ಕೆಳಗೆ ಎಲ್ಲ ಸದ್ದೂ ಅಲ್ಲೇ ಸುತ್ತಿ ಗುಂಯ್ ಅನ್ನುತ್ತದೆ. ಇಂಜಿನ್ನಿನ ಗುಡುಗುಡು ಬಾನೆಟ್ ಕಡೆಯಿಂದ ನೇರ ಒಳಗೆ ಬರುತ್ತದೆ. ಮೂರು ಸದ್ದಿಗೂ ಮದ್ದು ಬೇರೆ. ಅದುರುವ ತಗಡಿಗೆ ಬ್ಯುಟೈಲ್ ರಬ್ಬರಿನ ಹಾಳೆ ಅಂಟಿಸಿದರೆ ದಡದಡ ನಿಲ್ಲುತ್ತದೆ, ಬಾರಿಸಿದ ಗಂಟೆಗೆ ಕೈ ಇಟ್ಟ ಹಾಗೆ. ತಗಡನ್ನು ಪೂರ್ತಿ ಮುಚ್ಚಬೇಕಂತಲೂ ಇಲ್ಲ. ಗುಂಯ್ ಅನ್ನುವುದಕ್ಕೆ ಮೆತ್ತಗಿನ ಫೋಮು, ಫೆಲ್ಟು ಸರಿ, ಅವು ಸದ್ದನ್ನು ಹೀರುತ್ತವೆ. ಗುಡುಗುಡುವಿಗೆ ಮಾತ್ರ ತೂಕದ ವಸ್ತುವೇ ಅಡ್ಡ ನಿಲ್ಲಬೇಕು. ಭಾರವಾದ ರಬ್ಬರೋ ವಿನೈಲೋ ಆಗಬೇಕು, ಎಲ್ಲೂ ಸಂದಿ ಬಿಡಬಾರದು. ಹಗುರವಾದ ಬೆಂಡು ಅದರ ಮುಂದೆ ಏನೂ ಮಾಡಲಾರದು.

ಹಾಗಾಗಿ ನನ್ನ ಕರಡಿನಲ್ಲಿ ‘ಶಬ್ದ ನಿರೋಧಕ’ ತೆಗೆದು ಮೂರು ಮಾತು ಹಾಕಿದ್ದೇನೆ: ಅದುರು ಅಡಗಿಸುವುದು, ಸದ್ದು ಹೀರುವುದು, ಸದ್ದಿಗೆ ಅಡ್ಡಗಟ್ಟುವುದು. ಇವುಗಳಲ್ಲಿ ಮೊದಲನೆಯದಕ್ಕೆ ಇನ್ನೂ ಚಿಕ್ಕ ಪದ ಬೇಕು. ‘ಡ್ಯಾಂಪಿಂಗ್ ಶೀಟ್’ ಅಂತ ಅಂಗಡಿಯಲ್ಲಿ ಕೇಳುತ್ತಾರೆ, ಆದರೆ ಡ್ಯಾಂಪ್ ಅಂದರೆ ಥಂಡಿ ಹಿಡಿಯೋದು ಅಂತಲೇ ನಮ್ಮ ಹುಡುಗರಿಗೆ ಗೊತ್ತಿರುವುದು.

ಬೆಂಡಿನ ಒಳಗಿನ ಗುಳ್ಳೆಗಳಿಗೂ ಪದ ಬೇಕು. ಗುಳ್ಳೆಯಿಂದ ಗುಳ್ಳೆಗೆ ದಾರಿಯಿದ್ದರೆ ಗಾಳಿ, ಸದ್ದು, ನೀರು ಎಲ್ಲವೂ ಒಳಗೆ ಹೋಗುತ್ತವೆ. ಸದ್ದು ಹೀರುವುದು ಈ ಬಗೆಯೇ. ಒಂದೊಂದು ಗುಳ್ಳೆಯೂ ಮುಚ್ಚಿಕೊಂಡಿದ್ದರೆ ಕಾವು ತಡೆಯಲು ಬಹಳ ಒಳ್ಳೆಯದು, ನೀರೂ ಅಷ್ಟಾಗಿ ಹಿಡಿಯುವುದಿಲ್ಲ, ಆದರೆ ಸದ್ದು ಹೀರುವುದು ಕಡಿಮೆ. ‘ತೆರೆದ ಕೋಶ’, ‘ಮುಚ್ಚಿದ ಕೋಶ’ ಅಂದರೆ ಜೀವಶಾಸ್ತ್ರದ ಪಾಠ ಆಗುತ್ತದೆ. ‘ತೆರೆಗೂಡು ಬೆಂಡು’, ‘ಮುಚ್ಚುಗೂಡು ಬೆಂಡು’ ಎಂದು ಬರೆದಿದ್ದೇನೆ.

ಮುಚ್ಚುಗೂಡು ಬೆಂಡಿನ ಉಪಯೋಗ ಕಾಣುವುದು ಚಾವಣಿಯಲ್ಲಿ. ಮಳೆಗಾಲದ ಬೆಳಿಗ್ಗೆ ನಾಲ್ಕು ಜನ ಗಾಜು ಏರಿಸಿ ಕೂತರೆ ತಗಡು ಬೆವರಿ ತಲೆ ಮೇಲೆ ತೊಟ್ಟಿಕ್ಕುತ್ತದೆ. ಬೆಂಡು ತಗಡಿಗೆ ಸಂದಿಲ್ಲದೆ ಅಂಟಿದ್ದರೆ ಉಸಿರಿನ ಹಬೆಗೆ ತಣ್ಣನೆ ತಗಡು ಸಿಗುವುದೇ ಇಲ್ಲ. ‘ಬೆವರು’ ಇಲ್ಲಿ ಎಷ್ಟು ಚೆನ್ನಾದ ಪದ! ‘ಸಾಂದ್ರೀಕರಣ’ ಬೇಡವೇ ಬೇಡ.

ಬಾಗಿಲಿನೊಳಗೆ ಮಾತ್ರ ತುಂಬಬೇಡಿ ಅಂತ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಮೊನ್ನೆ ಬಂದ ಒಂದು ಅಂಬಾಸಿಡರಿನ ಡೋರ್ ಪ್ಯಾಡ್ ಬಿಚ್ಚಿದರೆ ಒಳಗೆ ಹಳದಿ ಬೆಂಡು ಗಾಜು ಇಳಿಯುವ ಜಾಗದವರೆಗೆ ಉಬ್ಬಿ ನಿಂತಿತ್ತು. ಕೆಳ ಅಂಚಿನಲ್ಲಿ ನೀರು ಇಳಿಯಲು ಇರುವ ತೂತುಗಳೆಲ್ಲ ಮುಚ್ಚಿಹೋಗಿದ್ದವು. ಕೊಯ್ದು ತೆಗೆದ ತುಂಡಿನ ಅಡಿಯೆಲ್ಲ ಒದ್ದೆ. ಉಗುರು ತಾಗಿಸಿದರೆ ತಗಡು ಕೆಂಪು ಪುಡಿಯಾಗಿ ಉದುರುತ್ತಿತ್ತು. ನಮ್ಮ ಮಲೆನಾಡಿನ ಮಳೆಗೆ ಇದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಆ ತೂತಿಗೆ ಗ್ಯಾರೇಜಿನವರು ಸುಮ್ನೆ ‘ನೀರಿನ ತೂತು’ ಅನ್ನುತ್ತಾರೆ, ಅದೇ ಸಾಕು.

ಕೊನೆಗೆ ‘ಅಗ್ನಿ ನಿರೋಧಕ’. ಡಬ್ಬಿಯ ಮೇಲೆ ಇದನ್ನು ಓದಿ ಬೆಂಕಿಯೇ ಹತ್ತುವುದಿಲ್ಲ ಅಂದುಕೊಂಡು ಪಕ್ಕದಲ್ಲೇ ವೆಲ್ಡಿಂಗ್ ಮಾಡುವವರಿದ್ದಾರೆ. ಪಾಲಿಯುರೆಥೇನ್ ಉರಿಯುತ್ತದೆ. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಯನೈಡ್ ಇರುತ್ತವೆ. ಮದ್ದು ಸೇರಿಸಿದ ಫೋಮ್ ಬೆಂಕಿ ಹತ್ತುವುದನ್ನು ತಡ ಮಾಡುತ್ತದೆ, ಅಷ್ಟೇ. ‘ಬೆಂಕಿ ನಿಧಾನಿಸುವ’ ಎಂದು ಬರೆದರೆ ಪ್ರಾಣ ಉಳಿಯುತ್ತದೆ ಅಂತ ನಾನು ನಂಬುತ್ತೇನೆ. ಇದಕ್ಕಿಂತ ಸಲೀಸಾದ ಪದ ಇದ್ದರೆ ದಯವಿಟ್ಟು ಕೊಡಿ.

ಹಾಸನ, ಸಕಲೇಶಪುರ, ಅರಸೀಕೆರೆ ಕಡೆಯವರಿಗೆ ಇನ್ನೊಂದು ಕೇಳಿಕೆ. ಲಾರಿ, ಬಸ್ಸಿನ ಬಾಡಿ ಕಟ್ಟುವವರು ಎರಡು ತಗಡಿನ ನಡುವೆ ತುಂಬುವ ವಸ್ತುವಿಗೆ ತಮ್ಮದೇ ಹೆಸರು ಇಟ್ಟುಕೊಂಡಿದ್ದಾರಾ? ಅದುರು ನಿಲ್ಲಿಸುವುದಕ್ಕೆ ಏನನ್ನುತ್ತಾರೆ? ಪದ ತಿಳಿಸುವಾಗ ಯಾರ ಬಾಯಲ್ಲಿ ಕೇಳಿದಿರಿ ಎಂದೂ ಬರೆಯಿರಿ. ಟಿಂಕರಿಂಗ್‌ನವರದೋ, ಕುಶನ್ ಕೆಲಸದವರದೋ, ಡ್ರೈವರುಗಳದೋ ಗೊತ್ತಾದರೆ ಸೂಚನೆಯಲ್ಲಿ ಅದನ್ನೇ ಹಾಕುತ್ತೇನೆ.