ಸಣ್ಣ ಕರುಳು ಮೊಟಕಾದ ಮೇಲೆ: ಕುಡಿದಷ್ಟೂ ಬಾಯಾರಿಕೆ ಏಕೆ?

ಪ್ರಶ್ನೆ: ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರಿಂದ ನನ್ನ ತಮ್ಮನ ಸಣ್ಣ ಕರುಳಿನ ಬಹುಭಾಗವನ್ನು ತೆಗೆದು ಮೂರು ತಿಂಗಳಾಯಿತು. ಉಳಿದಿರುವ ಸುಮಾರು 110 ಸೆಂಟಿಮೀಟರಿನ ತುದಿಯನ್ನು ಹೊಟ್ಟೆಯ ಮೇಲೆ ಸ್ಟೋಮಾ (ಕರುಳಿನಿಂದ ಬರುವುದು ಹೊರಗಿನ ಚೀಲಕ್ಕೆ ಬೀಳುವಂಥ ತೆರಪು) ಮಾಡಿದ್ದಾರೆ. ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿದರೂ ಬಾಯಾರಿಕೆ ಇಂಗುತ್ತಿಲ್ಲ, ಚೀಲ ಮಾತ್ರ ತುಂಬುತ್ತಲೇ ಇದೆ. ಇದನ್ನು ನಿಭಾಯಿಸಿದವರು ದಯವಿಟ್ಟು ತಿಳಿಸಿ.

ಉತ್ತರ 1: ನಿಮ್ಮ ತಮ್ಮನ ಸ್ಥಿತಿಯಲ್ಲೇ ನಾನು ಆರು ವರ್ಷಗಳಿಂದ ಇರುವುದರಿಂದ ಮೊದಲು ನೀರಿನ ವಿಷಯವನ್ನೇ ಹೇಳುತ್ತೇನೆ. ಕರುಳಿನ ಮೇಲ್ಭಾಗ ಮಾತ್ರ ಉಳಿದಿರುವಾಗ, ಉಪ್ಪಿನಂಶವಿಲ್ಲದ ನೀರು ಒಳಗೆ ಹೋದೊಡನೆ ರಕ್ತದ ಸೋಡಿಯಂ ಕರುಳಿನೊಳಕ್ಕೆ ಇಳಿದುಬರುತ್ತದೆ, ಅದರ ಬೆನ್ನಿಗೇ ದೇಹದ ನೀರೂ ಚೀಲ ಸೇರುತ್ತದೆ. ಹಣ್ಣಿನ ರಸ ಮತ್ತು ಸಿಹಿ ಪಾನೀಯಗಳು ಸಕ್ಕರೆಯ ಸಾಂದ್ರತೆಯಿಂದ ಇದೇ ಹಾನಿ ಮಾಡುತ್ತವೆ. ನನ್ನ ವೈದ್ಯರು ಸಾದಾ ನೀರು, ಚಹಾ ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರ್ ಸಾಕೆಂದು, ಉಳಿದ ದಾಹಕ್ಕೆ ಲೀಟರಿಗೆ ಸುಮಾರು 90 ಮಿಲಿಮೋಲ್ ಸೋಡಿಯಂ ಇರುವ ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಯಲು ಹೇಳಿದರು. ಸಾಮಾನ್ಯ ಓಆರ್‌ಎಸ್‌ನಲ್ಲಿ 75 ಇರುತ್ತದೆ, ಆದ್ದರಿಂದ ಯಾವ ದ್ರಾವಣ ಬೇಕೆಂದು ಕೇಳಿಯೇ ತಿಳಿಯಿರಿ. ಆ ದ್ರಾವಣ ಕುಡಿಯದೆ ನೀರನ್ನಷ್ಟೇ ನಿಲ್ಲಿಸಿದರೆ ಮೂತ್ರಪಿಂಡಗಳಿಗೆ ಪೆಟ್ಟು ಬೀಳುತ್ತದೆ. ವೈದ್ಯರನ್ನು ಕೇಳದೆ ಏನನ್ನೂ ಬದಲಿಸಬೇಡಿ.

ಪ್ರತಿ ಬಾರಿ ಚೀಲವನ್ನು ಅಳತೆಯ ಜಗ್ಗಿಗೆ ಖಾಲಿ ಮಾಡಿ, ಬಚ್ಚಲಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆದಿಡುತ್ತಿದ್ದೆ. ದಿನಕ್ಕೆ 3,200 ಮಿಲಿಲೀಟರ್ ಇದ್ದದ್ದು ಹತ್ತು ದಿನಗಳಲ್ಲಿ 1,900ಕ್ಕೆ ಇಳಿದಾಗ ನನಗೆ ಮೊದಲ ಬಾರಿಗೆ ಧೈರ್ಯ ಬಂತು. ಕರುಳಿನ ಚಲನೆಯನ್ನು ನಿಧಾನಗೊಳಿಸುವ ಲೋಪೆರಮೈಡ್ ಮಾತ್ರೆಯನ್ನು ಊಟದ ನಂತರವಲ್ಲ, ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. ಮಾತ್ರೆ ಕರಗದೆ ಚೀಲದಲ್ಲಿ ಇಡಿಯಾಗಿ ಕಂಡರೆ ವೈದ್ಯರಿಗೆ ತಿಳಿಸಿ.

ಉತ್ತರ 2: ನನ್ನ ಪತ್ನಿಗೆ ರಾತ್ರಿಯ ಹೊತ್ತು ರಕ್ತನಾಳಕ್ಕೆ ಹಾಕಿದ ಕೊಳವೆಯ ಮೂಲಕವೇ ಪೋಷಣೆ ನಡೆಯುತ್ತಿದೆ. ನಿಮ್ಮ ತಮ್ಮನಿಗೂ ಆ ಕೊಳವೆ ಇದ್ದರೆ ಇದೊಂದನ್ನು ಮರೆಯಬೇಡಿ: ಜ್ವರ 38 ಡಿಗ್ರಿ ಸೆಲ್ಸಿಯಸ್ ತಲುಪಿದರೆ, ಅಥವಾ ದ್ರವ ಹರಿಯಲಾರಂಭಿಸಿದೊಡನೆ ನಡುಕ ಬಂದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ನಾವು ಒಮ್ಮೆ ಸಾಮಾನ್ಯ ಜ್ವರವೆಂದು ಭಾವಿಸಿ ಆರು ಗಂಟೆ ತಡ ಮಾಡಿದೆವು. ಅದು ಕೊಳವೆಯಿಂದ ರಕ್ತಕ್ಕೆ ಹರಡಿದ ಸೋಂಕಾಗಿತ್ತು, ಅವಳು ತೀವ್ರ ನಿಗಾ ಘಟಕದಲ್ಲಿ ಒಂಬತ್ತು ದಿನ ಇರಬೇಕಾಯಿತು.

ಉತ್ತರ 3: ಕರುಳಿನ ಕೊನೆಯ ಭಾಗ ಹೋಗಿರುವುದರಿಂದ ಬಿ12 ಚುಚ್ಚುಮದ್ದು ಬೇಕಾಗುತ್ತದೆ, ಮೆಗ್ನೀಸಿಯಂ ಕಡಿಮೆಯಾಗಿ ಸ್ನಾಯು ಸೆಳೆತ ಬರಬಹುದು. ದೊಡ್ಡ ಕರುಳು ಉಳಿದಿದ್ದರೆ ಅದನ್ನು ಮತ್ತೆ ಜೋಡಿಸುವ ಸಾಧ್ಯತೆಯನ್ನು ಶಸ್ತ್ರವೈದ್ಯರಲ್ಲಿ ಖಂಡಿತ ಕೇಳಿ, ಏಕೆಂದರೆ ನೀರು ಮತ್ತು ಉಪ್ಪನ್ನು ಹೀರಿಕೊಳ್ಳುವಲ್ಲಿ ಅದರ ನೆರವು ದೊಡ್ಡದು. ಜೋಡಿಸಿದ ಮೇಲೆ ಆಹಾರದಲ್ಲಿರುವ ಆಕ್ಸಲೇಟ್ ಎಂಬ ವಸ್ತುವಿನಿಂದ ಮೂತ್ರಪಿಂಡದಲ್ಲಿ ಕಲ್ಲಾಗುವ ಅಪಾಯವಿರುತ್ತದೆ, ಆಗ ಆಹಾರಕ್ರಮವನ್ನು ಬದಲಿಸಬೇಕಾಗುತ್ತದೆ. ಮುಂದಿನ ಭೇಟಿಯಲ್ಲಿ ಮೂತ್ರದ ಸೋಡಿಯಂ ಪರೀಕ್ಷೆಯನ್ನೂ ಕೇಳಿ: ರಕ್ತದ ವರದಿ ಸರಿಯಿದ್ದರೂ ಮೂತ್ರದಲ್ಲಿ ಅದು ಲೀಟರಿಗೆ 20 ಮಿಲಿಮೋಲ್‌ಗಿಂತ ಕಡಿಮೆಯಿದ್ದರೆ ದೇಹದಲ್ಲಿ ಉಪ್ಪಿನ ಕೊರತೆಯಿದೆ ಎಂದೇ ತಿಳಿಯುತ್ತಾರೆ.