ಹಳೇ ಬುಲೆಟ್ ಗೇರ್‌ಬಾಕ್ಸ್ ಕೆಳಗೆ ಆಯಿಲ್, ಹೊಸ ಸೀಲ್ ಹಾಕಿದರೂ ನಿಂತಿಲ್ಲ

ಬಲಗಾಲಿನ ಗೇರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಬುಲೆಟ್ 350, ಕಾಸ್ಟ್ ಐರನ್ ಎಂಜಿನ್, ಬಲಗಡೆ ಗೇರ್ ಇರುವ ನಾಲ್ಕು ಸ್ಪೀಡ್ ಬಾಕ್ಸ್. ಗೇರ್‌ಬಾಕ್ಸ್ ಕೆಳಗೆ ಯಾವಾಗಲೂ ಆಯಿಲ್ ಹನಿ ಬೀಳುತ್ತಿರುತ್ತದೆ. ಓಡಿಸಿ ಬಂದು ಸೈಡ್ ಸ್ಟ್ಯಾಂಡ್ ಹಾಕಿದರೆ ಜಾಸ್ತಿ, ಡಬಲ್ ಸ್ಟ್ಯಾಂಡ್ ಹಾಕಿದರೆ ಕಮ್ಮಿ. ಸ್ಪ್ರಾಕೆಟ್ (ಚೈನ್ ಎಳೆಯುವ ಹಲ್ಲಿನ ಚಕ್ರ) ಹಿಂದಿನ ಸೀಲ್ ಈಚೆಗೆ ಹೊಸದು ಹಾಕಿಸಿದ್ದೆ. ಸ್ವಲ್ಪ ದಿನ ಒಣಗಿತ್ತು, ಮತ್ತೆ ಶುರುವಾಗಿದೆ.

ಬಾಕ್ಸ್ ಪೂರ್ತಿ ಬಿಚ್ಚಿ ಎಲ್ಲ ಪ್ಯಾಕಿಂಗ್ ಬದಲಾಯಿಸೋಣ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಆಯಿಲ್ ಬದಲು ಗ್ರೀಸ್ ತುಂಬಿಸಿಬಿಡಿ ಅಂತ ಇನ್ನೊಬ್ಬರು. ಈಗ ಒಳಗೆ 90 ಗ್ರೇಡ್ ಗೇರ್ ಆಯಿಲ್ ಇದೆ. ಬಿಚ್ಚುವ ಮೊದಲೇ ಎಲ್ಲಿಂದ ಸೋರುತ್ತಿದೆ ಅಂತ ಕಂಡುಹಿಡಿಯೋಕೆ ದಾರಿ ಇದೆಯಾ?

ಸ್ಪ್ಯಾನರ್ ಸುಬ್ಬ

ಇದೆ. ಮೊದಲು ಅದು ಗೇರ್‌ಬಾಕ್ಸ್ ಆಯಿಲ್ಲೇ ಅಂತ ಗೊತ್ತು ಮಾಡಿಕೊಳ್ಳಿ. ಹನಿ ಬೀಳುವ ಜಾಗ ನೋಡಿ ತೀರ್ಮಾನಕ್ಕೆ ಬರಬೇಡಿ. ಬುಲೆಟ್‌ನಲ್ಲಿ ಎಂಜಿನ್ ಆಯಿಲ್ ತುಂಬುವ ಜಾಗ ಕ್ರ್ಯಾಂಕ್‌ಕೇಸ್‌ನ ಹಿಂಭಾಗದಲ್ಲೇ ಇದೆ, ಗೇರ್‌ಬಾಕ್ಸ್ ಅದಕ್ಕೆ ಅಂಟಿಕೊಂಡೇ ಕೂತಿದೆ. ಎಡಗಡೆ ಪ್ರೈಮರಿ ಕೇಸ್ (ಎಂಜಿನ್‌ನಿಂದ ಕ್ಲಚ್‌ಗೆ ಹೋಗುವ ಚೈನ್ ಇರುವ ಡಬ್ಬ), ಅದರಲ್ಲಿ ಬೇರೆ ಆಯಿಲ್. ಮೇಲಿಂದ ಚೈನ್‌ಗೆ ಹಾಕಿದ ಆಯಿಲ್ ಬೇರೆ. ಯಾವುದು ಸೋರಿದರೂ ಕೊನೆಗೆ ಬಂದು ಸೇರುವುದು ಗೇರ್‌ಬಾಕ್ಸ್ ಹೊಟ್ಟೆಯ ಕೆಳಗೇ, ಬಯ್ಯಿಸಿಕೊಳ್ಳುವುದು ಮಾತ್ರ ಪಾಪ ಗೇರ್‌ಬಾಕ್ಸ್.

ಬೆರಳಿಗೆ ಹಚ್ಚಿ ಮೂಸಿ. ಗೇರ್ ಆಯಿಲ್‌ಗೆ ಗಂಧಕದ ಘಾಟು ಇರುತ್ತದೆ, ಒಮ್ಮೆ ಮೂಸಿದರೆ ಮರೆಯುವುದಿಲ್ಲ. ಎಂಜಿನ್ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ. ಪ್ರೈಮರಿಗೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವ ಆಯಿಲ್) ಹಾಕಿದ್ದರೆ ಕೆಂಪು ಬಣ್ಣವೇ ಹೇಳಿಬಿಡುತ್ತದೆ. ಆ ಪ್ರೈಮರಿ ಕವರ್ ಹಿಡಿದಿರುವುದು ಮಧ್ಯದ ಒಂದೇ ಒಂದು ನಟ್, ಸುತ್ತ ರಬ್ಬರ್ ಸೀಲ್, ಹಾಗಾಗಿ ಅದನ್ನೂ ಅನುಮಾನದ ಪಟ್ಟಿಯಲ್ಲಿ ಇಡಿ.

ಆಮೇಲೆ ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಸೀಳುಗಳಲ್ಲಿ ಹಳೇ ಜಿಡ್ಡು ಉಳಿದರೆ ಅದೇ ಮತ್ತೆ ಇಳಿದು ದಾರಿ ತಪ್ಪಿಸುತ್ತದೆ. ಲೆವೆಲ್ ನೋಡಿ, ಜಾಸ್ತಿ ಇದ್ದರೆ ಇಳಿಸಿ, ಯಾಕೆಂದರೆ ಜಾಸ್ತಿ ತುಂಬಿದ ಬಾಕ್ಸ್ ಎಲ್ಲಿಂದಾದರೂ ಉಗುಳುತ್ತದೆ. ಕಿಕ್ಕರ್ ಶಾಫ್ಟ್, ಗೇರ್ ಶಾಫ್ಟ್, ಸೈಡ್ ಕವರ್ ಜಾಯಿಂಟ್, ಕೆಳಗಿನ ಡ್ರೈನ್ ಬೋಲ್ಟ್, ಸ್ಪ್ರಾಕೆಟ್ ಹಿಂದೆ ಕೈ ಹೋಗುವಷ್ಟು, ಎಲ್ಲ ಕಡೆ ಟಾಲ್ಕಂ ಪೌಡರ್ ಉದುರಿಸಿ. ಒಂದು ಸಣ್ಣ ರೌಂಡ್ ಹೋಗಿ ಬಂದು ಟಾರ್ಚ್ ಹಾಕಿ ನೋಡಿ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದು ಮತ್ತು ಮುಂದಿರುವುದೇ ಮೂಲ. ದೂರ ಓಡಿಸಿದರೆ ಗಾಳಿ ಎಲ್ಲವನ್ನೂ ಹಿಂದಕ್ಕೆ ಹರಡಿಬಿಡುತ್ತದೆ, ಏನೂ ತಿಳಿಯುವುದಿಲ್ಲ.

ಪ್ರೀಯುನಿಟ್ ಪ್ರೇಮಿ

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಗೇರ್‌ಬಾಕ್ಸ್ ಆಯಿಲ್ ಹೊರಗೆ ಬೀಳದೆಯೂ ಖಾಲಿಯಾಗಬಹುದು. ಕ್ಲಚ್ ಪುಶ್‌ರಾಡ್ (ಕ್ಲಚ್ ಬಿಡಿಸುವ ಸರಳು) ಗೇರ್‌ಬಾಕ್ಸ್ ಮೇನ್‌ಶಾಫ್ಟ್‌ನ ಟೊಳ್ಳಿನೊಳಗೆ ಹಾದುಹೋಗುತ್ತದಲ್ಲ, ಅದೇ ದಾರಿಯಲ್ಲಿ ಆಯಿಲ್ ಕ್ಲಚ್ ಕಡೆಗೆ ಹೋಗುತ್ತದೆ. ನಾರ್ಟನ್ ಕಮಾಂಡೋ ಅನ್ನುವ ಹಳೇ ಬ್ರಿಟಿಷ್ ಬೈಕ್‌ನವರಿಗೆ ಇದು ಹಳೇ ತಲೆನೋವು, ಅದಕ್ಕೇ ಪುಶ್‌ರಾಡ್ ಸೀಲ್ ಹಾಕುತ್ತಾರೆ. ಮೇನ್‌ಶಾಫ್ಟ್ ಮತ್ತು ಸ್ಲೀವ್ ಗೇರ್ (ಸ್ಪ್ರಾಕೆಟ್ ಕೂರುವ ಟೊಳ್ಳು ಗೇರ್) ನಡುವಿನ ಬುಷ್ ಸವೆದಿದ್ದರೂ ಹೀಗೇ. ನಿಮ್ಮ ಪ್ರೈಮರಿ ಲೆವೆಲ್ ತಾನಾಗಿ ಏರುತ್ತಿದೆಯಾ, ಕ್ಲಚ್ ಸ್ಲಿಪ್ ಆಗುತ್ತಿದೆಯಾ ನೋಡಿ.

ಗ್ರೀಸ್ ವಿಷಯ: ಈ ಬಾಕ್ಸ್‌ಗೆ ಕಂಪನಿಯೇ ತೆಳು ಗ್ರೀಸ್ ಹೇಳಿತ್ತು, ಇಪಿ 00 ಅಂತ ಸಿಗುವ ಅರೆದ್ರವ. ಅದು ಪರವಾಗಿಲ್ಲ. ಆದರೆ ಬೇರಿಂಗ್‌ಗೆ ಹಾಕುವ ಗಟ್ಟಿ ಗ್ರೀಸ್ ತುಂಬಬೇಡಿ, ಗೇರ್ ಅದರಲ್ಲಿ ಒಂದು ಕಾಲುವೆ ಕೊರೆದುಕೊಂಡು ಒಣಗಿಯೇ ತಿರುಗುತ್ತಿರುತ್ತದೆ. ಲೀಕ್ ನಿಂತಿತು ಅಂತ ನೀವು ಖುಷಿಯಲ್ಲಿರುತ್ತೀರಿ, ಒಳಗೆ ಬುಷ್ ಸಾಯುತ್ತಿರುತ್ತದೆ.

ಬಲಗಾಲಿನ ಗೇರ್

ಇಬ್ಬರಿಗೂ ಥ್ಯಾಂಕ್ಸ್. ತೊಳೆದು ಪೌಡರ್ ಹಾಕಿ ನೋಡಿದೆ. ಗಂಧಕದ ವಾಸನೆಯೇ, ಅನುಮಾನವಿಲ್ಲ. ಬಲಗಡೆ ಕಿಕ್ಕರ್ ಹತ್ತಿರ ಸ್ವಲ್ಪ ತೇವ ಅಷ್ಟೆ. ಎಡಗಡೆ ಸ್ಪ್ರಾಕೆಟ್ ಹಿಂದಿನಿಂದ ಗೆರೆ ಎಳೆದ ಹಾಗೆ ಇಳಿದಿದೆ. ಪ್ರೈಮರಿ ಲೆವೆಲ್ ಏರಿಲ್ಲ. ಹಾಗಾದರೆ ಹೊಸ ಸೀಲ್ ಡೂಪ್ಲಿಕೇಟ್ ಇರಬಹುದಾ?

ಸ್ಪ್ಯಾನರ್ ಸುಬ್ಬ

ಇರಬಹುದು, ಆದರೆ ಮೊದಲೇ ತಪ್ಪನ್ನು ಸೀಲ್ ಮೇಲೆ ಹಾಕಬೇಡಿ. ಸೀಲ್ ತಿರುಗಾಮುರುಗಾ ಕೂತಿದ್ದರೆ ಮೊದಲ ದಿನವೇ ಸೋರುತ್ತಿತ್ತು (ಸ್ಪ್ರಿಂಗ್ ಇರುವ ಕಡೆ ಆಯಿಲ್ ಕಡೆಗೆ ಇರಬೇಕು). ಸ್ವಲ್ಪ ದಿನ ಒಣಗಿದ್ದು ಆಮೇಲೆ ಶುರುವಾಯಿತು ಅಂದರೆ ಏನೋ ಒಂದು ಆ ಸೀಲ್ ತುಟಿಯನ್ನು ತಿನ್ನುತ್ತಿದೆ.

ಚೈನ್ ಕಳಚಿ ಸ್ಪ್ರಾಕೆಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಹಲ್ಲಿನ ದಿಕ್ಕಿನಲ್ಲಿ ತಿರುಗಿಸಿದಾಗ ಬರುವ ಆಟ ಲೆಕ್ಕಕ್ಕಿಲ್ಲ, ಮೇಲೆ ಕೆಳಗೆ ಕಟಕಟ ಅಂದರೆ ಸ್ಲೀವ್ ಗೇರ್ ಬೇರಿಂಗ್ ಹೋಗಿದೆ. ಶಾಫ್ಟ್ ಓಲಾಡುತ್ತಿದ್ದರೆ ಯಾವ ಸೀಲೂ ನಿಲ್ಲುವುದಿಲ್ಲ, ಅಸಲಿ ಆಗಲಿ ನಕಲಿ ಆಗಲಿ. ಆಟ ಇಲ್ಲದಿದ್ದರೆ ಸೀಲ್ ಉಜ್ಜುವ ಕಾಲರ್ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಸವೆದು ಗೀರು ಬಿದ್ದಿದೆ ಅಂತ, ಕಾಲರ್ ಬದಲಾಯಿಸಿ ಅಥವಾ ತೆಳು ಸ್ಲೀವ್ ಏರಿಸಿ. ಸ್ಪ್ರಾಕೆಟ್ ನಟ್ ಸಡಿಲವಿದ್ದರೆ ಸ್ಪ್ಲೈನ್ (ಸ್ಪ್ರಾಕೆಟ್ ಕೂರುವ ಹಲ್ಲುಗೆರೆ) ಸಂದಿನಿಂದಲೂ ಬರುತ್ತದೆ, ಅಲ್ಲಿ ಒಂಚೂರು ಸೀಲೆಂಟ್ ಸಾಕು.

ಬಲಗಾಲಿನ ಗೇರ್

ನೋಡಿದೆ ಸರ್, ಮೇಲೆ ಕೆಳಗೆ ಆಡುತ್ತಿದೆ, ಕೈಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಕಾಲರ್ ಇನ್ನೂ ನೋಡಿಲ್ಲ.

ಪ್ರೀಯುನಿಟ್ ಪ್ರೇಮಿ

ಹಾಗಾದರೆ ಬಾಕ್ಸ್ ಬಿಚ್ಚಲೇಬೇಕು, ಆದರೆ ಪ್ಯಾಕಿಂಗ್‌ಗಾಗಿ ಅಲ್ಲ ಅಂತ ಮೆಕ್ಯಾನಿಕ್‌ಗೆ ಸ್ಪಷ್ಟವಾಗಿ ಹೇಳಿ. ಬೇರಿಂಗ್, ಸ್ಲೀವ್ ಗೇರ್ ಬುಷ್, ಕಾಲರ್, ಸೀಲ್ ನಾಲ್ಕನ್ನೂ ಒಟ್ಟಿಗೆ ನೋಡಿಸಿ, ಕ್ಲಚ್ ಮತ್ತು ಒಳಗಿನ ಪ್ರೈಮರಿ ಕೇಸ್ ಬಿಚ್ಚದೆ ಆ ಜಾಗಕ್ಕೆ ಮತ್ತೆ ಹೋಗೋಕಾಗಲ್ಲ. ಕಿಕ್ಕರ್ ಹತ್ತಿರದ ತೇವಕ್ಕೆ ಸದ್ಯ ತಲೆಕೆಡಿಸಿಕೊಳ್ಳಬೇಡಿ. ಮತ್ತೆ ಚೈನ್ ಎಷ್ಟು ಬಿಗಿ ಇಟ್ಟಿದ್ದೀರಿ? ಬೇರಿಂಗ್ ತಿನ್ನುವುದು ಸಾಮಾನ್ಯವಾಗಿ ಬಿಗಿ ಚೈನೇ. ಚಕ್ರ ತಿರುಗಿಸುತ್ತಾ ಚೈನ್ ಅತಿ ಬಿಗಿಯಾಗುವ ಜಾಗ ಹುಡುಕಿ, ಅಲ್ಲಿ ಒಬ್ಬರು ಸೀಟಿನ ಮೇಲೆ ಕೂತಾಗಲೂ 25 ಮಿ.ಮೀ. ಆಸುಪಾಸು ಆಟ ಇರಬೇಕು.

ಬಲಗಾಲಿನ ಗೇರ್

ಕೂತಾಗ ಆಟವೇ ಇರಲಿಲ್ಲ. ಈಗ ಸಡಿಲ ಮಾಡಿದ್ದೇನೆ. ಬಾಕ್ಸ್ ಬಿಚ್ಚಿದ ಮೇಲೆ ಕಾಲರ್ ಫೋಟೋ ಹಾಕುತ್ತೇನೆ.