ಸ್ಟೀಪ್ ಎಲ್ಲಿ, ಪ್ರೆಸಿಪಿಟಸ್ ಎಲ್ಲಿ? ಬಳಸಿದವರು ಹೇಳಿ

ಪ್ರಶ್ನೆ: ಸ್ಟೀಪ್ ಅಂದರೆ ಕಡಿದಾದ ಅಂತ ಗೊತ್ತು. ಇಂಗ್ಲಿಷ್ ಓದುವಾಗ ಪ್ರೆಸಿಪಿಟಸ್ ಕೂಡ ಸಿಗುತ್ತೆ, ನಿಘಂಟಿನಲ್ಲಿ ಅದಕ್ಕೂ ಹೆಚ್ಚುಕಡಿಮೆ ಅದೇ ಅರ್ಥ. ನೀವು ಬರೆಯುವಾಗ ಯಾವುದನ್ನು ಎಲ್ಲಿ ಹಾಕ್ತೀರಿ?

— ನಾನು ಅನುವಾದ ಮಾಡೋಳು. ಮೊದಲು ಪಕ್ಕದಲ್ಲಿರೋ ನಾಮಪದ ನೋಡ್ತೀನಿ. ಮೆಟ್ಟಿಲು, ಛಾವಣಿ, ಏದುಸಿರು ಬಿಡುತ್ತಾ ಹತ್ತಬಹುದಾದ ದಾರಿ, ಇವಕ್ಕೆಲ್ಲ ಸ್ಟೀಪ್ ಸಾಕು. ಕಾಲು ಜಾರಿದರೆ ನೇರ ಪ್ರಪಾತಕ್ಕೇ ಅನ್ನೋ ಜಾಗ ಪ್ರೆಸಿಪಿಟಸ್. ಅದರ ಲ್ಯಾಟಿನ್ ಬೇರಿಗೆ ‘ತಲೆ ಮುಂದಾಗಿ’ ಅಂತ ಅರ್ಥ, ಹಾಗಾಗಿ ಬೀಳುವ ಭಯ ಪದದೊಳಗೇ ಇದೆ.

ಅಂಕಿಅಂಶಗಳ ವಿಷಯ ಬಂದಾಗ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತೆ. ಸ್ಟೀಪ್ ರೈಸ್, ಸ್ಟೀಪ್ ಫಾಲ್ ಎರಡೂ ನಡೆಯುತ್ತೆ. ಪ್ರೆಸಿಪಿಟಸ್ ಬಹುಮಟ್ಟಿಗೆ ಇಳಿಕೆಯ ಜೊತೆಗೇ ಬರೋದು: ‘ಎ ಪ್ರೆಸಿಪಿಟಸ್ ಡ್ರಾಪ್ ಇನ್ ಸೇಲ್ಸ್’. ಇದನ್ನ ದಯವಿಟ್ಟು ‘ಕಡಿದಾದ ಕುಸಿತ’ ಅಂತ ಬರೀಬೇಡಿ. ‘ಮಾರಾಟ ದಿಢೀರನೆ ನೆಲಕಚ್ಚಿತು’ ಅಂದರೆ ವೇಗವೂ ಬಂತು, ಪೆಟ್ಟೂ ಬಂತು.

— ಬೆಲೆಗೆ ಸ್ಟೀಪ್ ಒಂದೇ. ‘ಎ ಬಿಟ್ ಸ್ಟೀಪ್’ ಅಂದರೆ ‘ಸ್ವಲ್ಪ ಜಾಸ್ತಿಯಾಯ್ತು’ ಅಂತ, ಮಾತಿನಲ್ಲಿ ದಿನಾ ಕೇಳೋದು. ಅಲ್ಲಿ ಪ್ರೆಸಿಪಿಟಸ್ ಹಾಕಿದರೆ ಕಿವಿಗೆ ಹೊಂದಲ್ಲ.

— ಪಾಠ ಮಾಡುವಾಗ ನನಗೆ ಹೆಚ್ಚು ಪ್ರಶ್ನೆ ಬರೋದು ‘ಸ್ಟೀಪ್ ಲರ್ನಿಂಗ್ ಕರ್ವ್’ ಬಗ್ಗೆ. ಅಡ್ಡ ಅಕ್ಷದಲ್ಲಿ ಸಮಯ, ಲಂಬ ಅಕ್ಷದಲ್ಲಿ ಕಲಿತದ್ದು ಹಾಕಿ ಗ್ರಾಫ್ ಬರೆದರೆ, ಗೆರೆ ಕಡಿದಾದಷ್ಟೂ ಬೇಗ ಕಲಿತ ಹಾಗೆ. ಜನ ಬಳಸೋದು ಮಾತ್ರ ‘ಕಲಿಯೋಕೆ ಕಷ್ಟ’ ಅನ್ನೋದಕ್ಕೆ, ಮನಸ್ಸಿನಲ್ಲಿರೋದು ಗ್ರಾಫಲ್ಲ, ಹತ್ತಬೇಕಾದ ಬೆಟ್ಟ. ಬಳಕೆ ಅಷ್ಟು ಗಟ್ಟಿಯಾಗಿರುವಾಗ ಮಕ್ಕಳಿಗೆ ಅದನ್ನೇ ಕಲಿಸಬೇಕು ಅನ್ನೋದು ನನ್ನ ಅಭಿಪ್ರಾಯ. ಗ್ರಾಫಿನ ಮಾತು ಕುತೂಹಲ ಇರೋರಿಗೆ.

— ಪ್ರೆಸಿಪಿಟೇಟ್ ಅನ್ನೋ ವಿಶೇಷಣವೂ ಇದೆ, ಅದು ಆತುರದ ನಿರ್ಧಾರಕ್ಕೆ. ಈ ಅರ್ಥದಲ್ಲಿ ಪ್ರೆಸಿಪಿಟಸ್ ಬಳಸೋರೂ ಇದ್ದಾರೆ, ನಿಘಂಟುಗಳೂ ಒಪ್ಪುತ್ತವೆ. ಆದರೂ ಬೇರೆಬೇರೆ ಇಟ್ಟುಕೊಂಡರೆ ಓದೋರಿಗೆ ಗೊಂದಲ ಇರಲ್ಲ.

— ತಾಂತ್ರಿಕ ವರದಿ ಬರೆಯೋರಿಗೆ ಒಂದು ಮಾತು: ಅಳತೆ ಕೈಲಿದ್ದರೆ ಎರಡೂ ವಿಶೇಷಣ ಬಿಡಿ. ಇಳಿಜಾರು 10% ಅಂದರೆ ಅಡ್ಡಲಾಗಿ 100 ಮೀಟರಿಗೆ 10 ಮೀಟರ್ ಏರಿಳಿತ, ಸುಮಾರು 5.7 ಡಿಗ್ರಿ. 100% ಅಂದರೆ ನೆಟ್ಟಗೆ ನಿಂತ ಗೋಡೆ ಅಂದುಕೊಳ್ಳೋರು ತುಂಬ ಜನ. ಅದು 45 ಡಿಗ್ರಿ ಅಷ್ಟೇ.